ಯಾವ ಕಂಪನಿಯ ಲ್ಯಾಪ್‌ಟಾಪ್ ಗಟ್ಟಿ? ಮುಂಬೈ, ಪುಣೆ, ಗೋವಾದ ಕನ್ನಡಿಗರಿಗೆ ಒಂದು ಹೋಲಿಕೆ

ಜೂನ್ ಹತ್ತಿರ ಬಂದರೆ ಸಾಕು, ನಮ್ಮ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಇದೇ ಪ್ರಶ್ನೆ. ಡೊಂಬಿವಲಿಯ ತಾಯಿಯೊಬ್ಬರು ಎಂಜಿನಿಯರಿಂಗ್ ಸೇರುವ ಮಗಳಿಗಾಗಿ ಕೇಳುತ್ತಾರೆ. ಹಿಂಜವಡಿಯಲ್ಲಿ ಕೆಲಸಕ್ಕೆ ಸೇರಿದ ಹುಬ್ಬಳ್ಳಿಯ ಹುಡುಗ ತನಗೇ ಒಂದು ಬೇಕು ಅನ್ನುತ್ತಾನೆ. ವಾಸ್ಕೋದ ಕನ್ನಡ ಮೇಷ್ಟ್ರಿಗೆ ಪ್ರಶ್ನೆಪತ್ರಿಕೆ ಟೈಪ್ ಮಾಡಬೇಕು. ಮಾಟುಂಗದ ಹೋಟೆಲಿನವರಿಗೆ ಗಲ್ಲಾದ ಪಕ್ಕ ಇಡಲು ಬೇಕು. ಎಲ್ಲರೂ ಕೇಳುವುದು ಒಂದೇ: ಯಾವ ಕಂಪನಿಯನ್ನು ನಂಬಬಹುದು?

ಉತ್ತರಗಳೂ ಒಂದೇ ಥರ ಇರುತ್ತವೆ. ಒಬ್ಬರು ಕಣ್ಮುಚ್ಚಿ ತಗೊಳ್ಳಿ ಅಂದ ಕಂಪನಿಯನ್ನೇ ಮುಂದಿನವರು ಬೈದಿರುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಒಬ್ಬರಿಗೆ ಆಫೀಸಿನಲ್ಲಿ ಕೊಟ್ಟದ್ದು ಆ ಕಂಪನಿಯ ತೊಂಬತ್ತು ಸಾವಿರದ ಮಾಡೆಲ್. ಇನ್ನೊಬ್ಬರು ದೀಪಾವಳಿ ಸೇಲ್‌ನಲ್ಲಿ ಕೊಂಡದ್ದು ಅದೇ ಕಂಪನಿಯ ಮೂವತ್ತೆರಡು ಸಾವಿರದ್ದು. ಮೇಲಿನ ಲೋಗೋ ಒಂದೇ, ಒಳಗಿನ ಸಾಮಾನು ಬೇರೆ. ಹಾಗಾಗಿ ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕಂಪನಿ ಹೆಸರಿನ ಮೇಲೆ ಜಗಳ ಆಡುವ ಬದಲು ಸೀರೀಸ್, ಅಂದರೆ ಆ ಕಂಪನಿಯೊಳಗೆ ಯಾವ ಸಾಲಿನ ಮಾಡೆಲ್ ಎಂಬುದನ್ನು, ನೋಡಿ. ಸೀರೀಸ್ ನೋಡುವ ಮೊದಲು ನಿಮ್ಮ ಮನೆಗೆ ಹತ್ತಿರದ ಸರ್ವಿಸ್ ಸೆಂಟರ್ ಯಾರದು ಅಂತ ನೋಡಿ.

ಲೋಗೋ ಎಷ್ಟು ಹೇಳುತ್ತದೆ?

ನಾವು ಹೆಸರು ಹಿಡಿದು ಹೊಗಳುವ ಬಹುಪಾಲು ಕಂಪನಿಗಳ ಲ್ಯಾಪ್‌ಟಾಪ್‌ಗಳನ್ನು ಜೋಡಿಸಿ ಕೊಡುವವರು ತೈವಾನ್ ಮೂಲದ ಕೆಲವೇ ಗುತ್ತಿಗೆ ತಯಾರಕರು: ಕ್ವಾಂಟಾ, ಕಂಪಾಲ್, ವಿಸ್ಟ್ರಾನ್, ಇನ್ವೆಂಟೆಕ್. ಅಂಗಡಿಯಲ್ಲಿ ಎದುರಾಳಿಗಳಾದ ಎರಡು ಕಂಪನಿಗಳ ಮಾಲು ಒಬ್ಬರೇ ತಯಾರಕರಿಂದ ಬಂದಿರಬಹುದು. ಬ್ರ್ಯಾಂಡ್ ತೀರ್ಮಾನಿಸುವುದು ಬೇರೆ ವಿಷಯ. ಈ ಮಾಡೆಲ್‌ನ ಬಾಡಿ ಮೇಲೆ, ಅಂದರೆ ಹೊರಕವಚದ ಮೇಲೆ, ಎಷ್ಟು ಖರ್ಚು ಮಾಡಬೇಕು, ಎಷ್ಟು ಪರೀಕ್ಷೆ ಮಾಡಬೇಕು, ಕೆಟ್ಟಾಗ ಗ್ರಾಹಕನಿಗೆ ಎಷ್ಟು ಓಡಾಟ ಕೊಡಬೇಕು. ಇದೆಲ್ಲ ಕಂಪನಿಯಿಂದ ಕಂಪನಿಗೆ ಬದಲಾಗುವುದಕ್ಕಿಂತ ಸೀರೀಸ್‌ನಿಂದ ಸೀರೀಸ್‌ಗೆ ಜಾಸ್ತಿ ಬದಲಾಗುತ್ತದೆ.

ಒಂದು ಹಳೆಯ ಲೆಕ್ಕ ಇದೆ. 2009ರಲ್ಲಿ ಅಮೆರಿಕದ ಸ್ಕ್ವೇರ್‌ಟ್ರೇಡ್ ಎಂಬ ವಾರಂಟಿ ಕಂಪನಿ ಸುಮಾರು 30,000 ಲ್ಯಾಪ್‌ಟಾಪ್‌ಗಳ ದಾಖಲೆ ನೋಡಿತು. ಮೂರು ವರ್ಷದೊಳಗೆ ಹತ್ತಿರ ಹತ್ತಿರ ಮೂರರಲ್ಲಿ ಒಂದು ಕೆಡುತ್ತದೆ ಎಂಬುದು ಅದರ ಅಂದಾಜು. ಬಿದ್ದು ಒಡೆದದ್ದು, ನೀರು ಚೆಲ್ಲಿದ್ದು ಎಲ್ಲ ಸೇರಿ. ಅಗ್ಗದ ನೆಟ್‌ಬುಕ್‌ಗಳು ದುಬಾರಿ ಲ್ಯಾಪ್‌ಟಾಪ್‌ಗಳಿಗಿಂತ ಜಾಸ್ತಿ ಕೆಟ್ಟಿದ್ದವು. ಕಡಿಮೆ ಕೆಟ್ಟವರ ಪಟ್ಟಿಯ ಮೇಲ್ತುದಿಯಲ್ಲಿದ್ದವರು ಏಸಸ್, ತೋಷಿಬಾ, ಸೋನಿ. ಇವತ್ತು ಆ ಪಟ್ಟಿ ಹಿಡಿದು ಅಂಗಡಿಗೆ ಹೋದರೆ? ಸೋನಿ 2014ರಲ್ಲೇ ತನ್ನ ವಾಯೋ ವ್ಯಾಪಾರ ಮಾರಿತು. ತೋಷಿಬಾ 2020ರಲ್ಲಿ ಲ್ಯಾಪ್‌ಟಾಪ್‌ನಿಂದ ಪೂರ್ತಿ ಹೊರಬಂತು. ತಳದಲ್ಲಿದ್ದ ಕಂಪನಿ ಇವತ್ತಿಗೂ ಜಗತ್ತಿನ ದೊಡ್ಡ ಮಾರಾಟಗಾರರಲ್ಲಿ ಒಂದು. ಬ್ರ್ಯಾಂಡ್‌ನ ಕೀರ್ತಿ ಹಳತಾಗುತ್ತದೆ. ಅಗ್ಗದ ಬಾಡಿ ಬೇಗ ಸೋಲುತ್ತದೆ ಎಂಬುದು ಮಾತ್ರ ಹಳತಾಗಿಲ್ಲ.

ನಮ್ಮ ಊರುಗಳಿಗೆ ಬೇಕಾದ ಅಳತೆಗೋಲು

ಇಂಟರ್ನೆಟ್ಟಿನಲ್ಲಿ ಸಿಗುವ ವಿಮರ್ಶೆಗಳು ಪ್ರೊಸೆಸರ್ ವೇಗದ ಬಗ್ಗೆ ಪುಟಗಟ್ಟಲೆ ಬರೆಯುತ್ತವೆ. ಸಂಜೆ ಆರೂವರೆಗೆ ದಾದರ್‌ನಲ್ಲಿ ಲೋಕಲ್ ಹತ್ತುವಾಗ ಬೆನ್ನಿನ ಬ್ಯಾಗಿಗೆ ಏನಾಗುತ್ತದೆ ಎಂದು ಬರೆಯುವುದಿಲ್ಲ. ಅಲ್ಲಿ ಲ್ಯಾಪ್‌ಟಾಪ್ ಬೀಳುವುದಿಲ್ಲ, ಒತ್ತಡಕ್ಕೆ ಸಿಕ್ಕಿಕೊಳ್ಳುತ್ತದೆ. ತೆಳ್ಳನೆಯ ಮುಚ್ಚಳ ಬಾಗಿ ಸ್ಕ್ರೀನ್ ಕೀಬೋರ್ಡಿಗೆ ಒತ್ತಿಕೊಳ್ಳುತ್ತದೆ. ಬ್ಯಾಗಿನಲ್ಲಿ ಚಾರ್ಜರ್ ಮುಚ್ಚಳದ ಕಡೆಗೆ ಇದ್ದರಂತೂ ಮುಗಿಯಿತು. ಮುಂಬೈಯವರಿಗೆ ಮೊದಲ ಪರೀಕ್ಷೆ ಮುಚ್ಚಳದ ಬಿಗಿ.

ಪುಣೆಯಲ್ಲಿ ಬೇರೆ ಕಥೆ. ಅಲ್ಲಿ ಲ್ಯಾಪ್‌ಟಾಪ್ ಸ್ಕೂಟರ್ ಮೇಲೆ ಪ್ರಯಾಣ ಮಾಡುತ್ತದೆ. ಗುಂಡಿಗೆ ಒಂದು ಕುಲುಕು, ಬ್ರೇಕಿಗೆ ಒಂದು ಕುಲುಕು. ಎಸ್‌ಎಸ್‌ಡಿ (ಒಳಗೆ ತಿರುಗುವ ಭಾಗ ಇಲ್ಲದ ಸ್ಟೋರೇಜ್) ಬಂದ ಮೇಲೆ ಹಳೆಯ ಹಾರ್ಡ್ ಡಿಸ್ಕಿನ ಭಯ ಇಲ್ಲ. ಆದರೆ ಹಿಂಜ್ (ಮುಚ್ಚಳವನ್ನು ತಳಕ್ಕೆ ಕೂಡಿಸುವ ತಿರುಗಣಿ), ಸ್ಕ್ರೂ, ಮೂಲೆಗಳು ಏಟು ತಿನ್ನುತ್ತಲೇ ಇರುತ್ತವೆ.

ಗೋವಾದ ಕರಾವಳಿಯಲ್ಲಿ ಉಪ್ಪುಗಾಳಿ, ಮಳೆಗಾಲದ ತೇವ. ಪೋರ್ಟ್‌ಗಳ ಲೋಹ ಕಪ್ಪಾಗುತ್ತದೆ, ಫ್ಯಾನ್ ಒಳಗೆ ಧೂಳು ಅಂಟುಅಂಟಾಗಿ ಕೂರುತ್ತದೆ. ಮೇಲಿಂದ ಆಗಾಗ ಹೋಗಿ ಬರುವ ಕರೆಂಟು. ಅಲ್ಲಿನವರಿಗೆ ಬ್ಯಾಟರಿ ಮತ್ತು ಸರ್ವಿಸ್ ಮುಖ್ಯ, ಉಳಿದದ್ದು ಆಮೇಲೆ.

ಮೂರೂ ಊರಿಗೆ ಅನ್ವಯಿಸುವ ಒಂದು ಮಾತು: ಮಳೆಗಾಲದಲ್ಲಿ ಎಸಿ ಆಫೀಸಿನಿಂದ ಹೊರಬಂದ ತಣ್ಣನೆಯ ಲ್ಯಾಪ್‌ಟಾಪನ್ನು ತಕ್ಷಣ ತೆರೆಯಬೇಡಿ. ಬೆಚ್ಚನೆಯ ತೇವದ ಗಾಳಿ ಅದರ ಮೇಲೆ ಹನಿಯಾಗುತ್ತದೆ. ಅರ್ಧ ಗಂಟೆ ಬ್ಯಾಗಿನಲ್ಲೇ ಇರಲಿ.

ಅಂಗಡಿಯಲ್ಲಿ ಕೈಯಿಂದ ಮಾಡುವ ಪರೀಕ್ಷೆ

ಆನ್‌ಲೈನ್‌ನಲ್ಲೇ ಕೊಳ್ಳುವುದಾದರೂ ಒಮ್ಮೆ ಅಂಗಡಿಗೆ ಹೋಗಿ ಮುಟ್ಟಿ ನೋಡಿ. ಬೆಂಗಳೂರಿಗೆ ಎಸ್‌ಪಿ ರೋಡ್ ಹೇಗೋ ಮುಂಬೈಗೆ ಗ್ರಾಂಟ್ ರೋಡ್ ಸ್ಟೇಷನ್ ಹತ್ತಿರದ ಲ್ಯಾಮಿಂಗ್ಟನ್ ರೋಡ್ ಹಾಗೆ. ಆದರೆ ಡಬ್ಬದೊಳಗಿನ ಮಾಲನ್ನು ಅಲ್ಲಿ ಸುಮ್ನೆ ತೆರೆದು ತೋರಿಸುವುದಿಲ್ಲ. ಮುಟ್ಟಿ ನೋಡಲು ಮಾಲ್‌ಗಳ ದೊಡ್ಡ ಮಳಿಗೆಗಳೇ ವಾಸಿ. ಅಲ್ಲಿ ಡೆಮೊ ಪೀಸ್ ಇರುತ್ತದೆ. ಮೇಲಾಗಿ ತಿಂಗಳುಗಟ್ಟಲೆ ನೂರಾರು ಕೈ ಆಡಿದ ಪೀಸ್ ಅದು. ಈಗಲೇ ಹಿಂಜ್ ಸಡಿಲ ಆಗಿದ್ದರೆ, ಕೀ ಹೊಳಪು ಬಂದಿದ್ದರೆ, ನಿಮ್ಮದು ಮುಂದೆ ಹೇಗಾಗುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ.

ಮೊದಲು ಹಿಂಜ್. ನಾನು ಕಂಡಂತೆ ಅಗ್ಗದ ಲ್ಯಾಪ್‌ಟಾಪ್‌ನಲ್ಲಿ ಮೊದಲು ಸೋಲುವ ಜಾಗ ಇದೇ. ಹಿಂಜ್ ಉಕ್ಕಿನದೇ ಇರುತ್ತದೆ. ಆದರೆ ಅದನ್ನು ಬಿಗಿದ ಸ್ಕ್ರೂಗಳು ಕೂರುವುದು ಪ್ಲಾಸ್ಟಿಕ್‌ನಲ್ಲಿ ಹುದುಗಿಸಿದ ಪುಟ್ಟ ಹಿತ್ತಾಳೆ ನಟ್‌ಗಳಲ್ಲಿ. ಮುಚ್ಚಳ ತೆಗೆದಾಗಲೆಲ್ಲ ಆ ನಟ್ ಪ್ಲಾಸ್ಟಿಕ್ಕನ್ನು ಎಳೆಯುತ್ತದೆ. ಒಂದು ದಿನ ಟಕ್ ಅಂತ ಪ್ಲಾಸ್ಟಿಕ್ ಬಿರಿಯುತ್ತದೆ, ಮೂಲೆಯಲ್ಲಿ ಬಾಡಿ ಬಾಯಿ ಬಿಡುತ್ತದೆ. ಸರ್ವಿಸ್ ಸೆಂಟರಿಗೆ ಒಯ್ದರೆ ಬಹಳ ಸಲ ಬರುವ ಉತ್ತರ, "ಇದು ಫಿಸಿಕಲ್ ಡ್ಯಾಮೇಜ್, ವಾರಂಟಿಗೆ ಬರಲ್ಲ." ಹಿಂಜ್ ಬಿಗಿ ಇದ್ದರೆ ಗಟ್ಟಿ ಅಂದುಕೊಳ್ಳುವವರು ಜಾಸ್ತಿ. ಪ್ಲಾಸ್ಟಿಕ್ ಬಾಡಿಯಲ್ಲಿ ಅದು ಉಲ್ಟಾ. ಬಿಗಿ ಜಾಸ್ತಿ ಆದಷ್ಟೂ ನಟ್ ಮೇಲಿನ ಎಳೆತ ಜಾಸ್ತಿ. ಹೀಗೆ ನೋಡಿ: ಮುಚ್ಚಳದ ನಡುವಿಗೆ ಒಂದೇ ಬೆರಳು ಇಟ್ಟು ಎತ್ತಿ. ತಳ ಮೇಲೇಳದೆ ಮುಚ್ಚಳ ಸಲೀಸಾಗಿ ಬಂದು, ನಿಲ್ಲಿಸಿದಲ್ಲಿ ನಿಂತರೆ ಒಳ್ಳೆಯದು. ಆಮೇಲೆ ಒಂದು ಮೂಲೆ ಹಿಡಿದು ಮೆಲ್ಲಗೆ ತೆರೆಯಿರಿ. ಇನ್ನೊಂದು ಮೂಲೆ ಹಿಂದೆ ಉಳಿದು ಮುಚ್ಚಳ ತಿರುಚಿಕೊಂಡರೆ ಆ ಮಾಡೆಲ್ ಬಿಡಿ. ಮನೆಯಲ್ಲಿ ಮಕ್ಕಳು ತೆರೆಯುವುದು ಹಾಗೆಯೇ ಅಲ್ವಾ?

ಎರಡನೆಯದು ಮುಚ್ಚಳದ ಬೆನ್ನು. ಸ್ಕ್ರೀನ್ ಮೇಲೆ ಬಿಳಿ ಪುಟ ತೆರೆದು, ಹಿಂದಿನಿಂದ ಬೆರಳಿನಲ್ಲಿ ಹದವಾಗಿ ಒತ್ತಿ. ಮುಂದೆ ಬಣ್ಣದ ಅಲೆ ಎದ್ದರೆ ಬ್ಯಾಗಿನ ಒತ್ತಡವೆಲ್ಲ ನೇರ ಪ್ಯಾನೆಲ್‌ಗೇ ಹೋಗುತ್ತದೆ ಎಂದರ್ಥ. ಲೋಕಲ್‌ನಲ್ಲಿ ಓಡಾಡುವವರು ಈ ಒಂದು ಪರೀಕ್ಷೆಯಲ್ಲಿ ಸೋತದ್ದನ್ನು ಕೊಳ್ಳಲೇಬೇಡಿ.

ಮೂರನೆಯದು ಕೀಬೋರ್ಡ್ ನಡುಭಾಗ. ಜಿ, ಎಚ್ ಕೀಗಳ ಹತ್ತಿರ ಒತ್ತಿದರೆ ಇಡೀ ತಟ್ಟೆ ಕುಗ್ಗುತ್ತದೆಯೇ? ಸ್ವಲ್ಪ ಕುಗ್ಗಿದರೆ ಪರವಾಗಿಲ್ಲ. ಹಾಸಿಗೆಯ ಥರ ಕುಗ್ಗಬಾರದು. ಕೊನೆಗೆ ಮುಂದಿನ ಒಂದು ಮೂಲೆ ಹಿಡಿದು ಇಡೀ ಲ್ಯಾಪ್‌ಟಾಪ್ ಎತ್ತಿ. ಕರಕರ ಸದ್ದು ಬಂತೇ? ಟಚ್‌ಪ್ಯಾಡ್ ತನ್ನಷ್ಟಕ್ಕೇ ಕ್ಲಿಕ್ ಆಯಿತೇ? ಎರಡೂ ಒಳ್ಳೆಯ ಲಕ್ಷಣ ಅಲ್ಲ.

"ಸರ್, ಇದು ಫುಲ್ ಮೆಟಲ್ ಬಾಡಿ" ಎಂದು ಅಂಗಡಿ ಹುಡುಗ ಹೇಳಿದರೆ ಯಾವ ಭಾಗ ಅಂತ ಕೇಳಿ. ಎಷ್ಟೋ ಮಾಡೆಲ್‌ಗಳಲ್ಲಿ ಮುಚ್ಚಳ ಮಾತ್ರ ಅಲ್ಯುಮಿನಿಯಂ, ಕೀಬೋರ್ಡ್ ಸುತ್ತಲ ಭಾಗ ಮತ್ತು ತಳ ಪ್ಲಾಸ್ಟಿಕ್. ಹಿಂಜ್ ಕೂರುವುದು ಆ ಪ್ಲಾಸ್ಟಿಕ್‌ನಲ್ಲೇ. ಹಾಗಂತ ಪ್ಲಾಸ್ಟಿಕ್ ಎಲ್ಲ ಕೀಳಲ್ಲ. ದಪ್ಪ, ಒಳಗೆ ಲೋಹದ ಚೌಕಟ್ಟಿರುವ ಪ್ಲಾಸ್ಟಿಕ್ ಬಾಡಿ ತೆಳು ಅಲ್ಯುಮಿನಿಯಂಗಿಂತ ಚೆನ್ನಾಗಿ ಏಟು ತಡೆಯುತ್ತದೆ. ತೆಳು ಅಲ್ಯುಮಿನಿಯಂ ನೆಗ್ಗುತ್ತದೆ. ಇನ್ನೊಂದು ವಿಷಯವನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಲೋಹದ ಬಾಡಿಯ ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿದಾಗ ಅಂಗೈಗೆ ಜುಮ್ಮೆನ್ನುತ್ತದೆ. ಎರಡು ಪಿನ್ನಿನ ಚಾರ್ಜರ್ ಇದ್ದರೆ, ಅಥವಾ ಹಳೆಯ ಚಾಳಿನ ಮನೆಯ ಸಾಕೆಟ್ಟಿಗೆ ಅರ್ತಿಂಗ್ ಇಲ್ಲದಿದ್ದರೆ ಹೀಗಾಗುತ್ತದೆ. ಸಾಮಾನ್ಯವಾಗಿ ಅಪಾಯವಿಲ್ಲ. ಆದರೂ ಅರ್ತಿಂಗ್ ಸರಿ ಮಾಡಿಸಿ, ಮೂರು ಪಿನ್ನಿನ ವೈರ್ ಬಳಸಿ.

"ಮಿಲಿಟರಿ ಗ್ರೇಡ್" ಸ್ಟಿಕ್ಕರ್ ಬಗ್ಗೆ ಕೂಡ ಹೇಳಿಬಿಡಬೇಕು. ಅದು ಅಮೆರಿಕದ ಸೇನೆಯ ಮಿಲ್-ಎಸ್‌ಟಿಡಿ-810 ಎಂಬ ಪರೀಕ್ಷಾ ವಿಧಾನಗಳ ಕಡತ. ಅದರ 810ಎಚ್ ಆವೃತ್ತಿ ಬಂದದ್ದು 2019ರಲ್ಲಿ. ಸೇನೆ ಯಾವ ಲ್ಯಾಪ್‌ಟಾಪಿಗೂ ಸರ್ಟಿಫಿಕೇಟ್ ಕೊಡುವುದಿಲ್ಲ. ಬಿಸಿ, ಚಳಿ, ತೇವ, ಕಂಪನ, ಹೀಗೆ ಎಷ್ಟೋ ಪರೀಕ್ಷೆಗಳಲ್ಲಿ ಕೆಲವನ್ನು ಆರಿಸಿಕೊಂಡು ಕಂಪನಿಯೇ ಮಾಡಿಸುತ್ತದೆ. ಸ್ಟಿಕ್ಕರ್ ಇದ್ದರೆ ಒಳ್ಳೆಯದೇ. ಇಲ್ಲದ್ದಕ್ಕಿಂತ ವಾಸಿ. ಆದರೆ ಬಿದ್ದರೆ ವಾರಂಟಿಯಲ್ಲಿ ಬದಲಿಸಿ ಕೊಡುತ್ತೇವೆ ಎಂಬ ಮಾತು ಅದರಲ್ಲಿ ಇಲ್ಲ.

ಕಾಗದದ ಮೇಲೆ ನೋಡಬೇಕಾದದ್ದು

ಇದನ್ನು ಬೇಗ ಮುಗಿಸುತ್ತೇನೆ. ರ‍್ಯಾಮ್ 16 ಜಿಬಿ ಇರಲಿ. 8 ಜಿಬಿ ಮದರ್‌ಬೋರ್ಡಿಗೇ ಬೆಸೆದು, ಖಾಲಿ ಸ್ಲಾಟ್ ಇಲ್ಲದ ಮಾಡೆಲ್ ಈಗ ಬೇಡ. 2025ರ ಕೊನೆಯಿಂದ ಮೆಮೊರಿ ಬೆಲೆ ಏರಿದ್ದರಿಂದ ಕಂಪನಿಗಳು ಕೈ ಬಿಗಿ ಮಾಡುವುದು ಇಲ್ಲೇ. ಹಾಗಾಗಿ ನಾನು ಕೆಳಗೆ ಹೇಳುವ ಬೆಲೆಗಳೂ ಬರೀ ಅಂದಾಜು. ಸ್ಕ್ರೀನ್ ವಿವರದಲ್ಲಿ "45% ಎನ್‌ಟಿಎಸ್‌ಸಿ, 250 ನಿಟ್ಸ್" (ಮೊದಲನೆಯದು ಬಣ್ಣದ ಅಳತೆ, ಎರಡನೆಯದು ಬೆಳಕಿನದು) ಎಂದಿದ್ದರೆ ಬಣ್ಣ ಸಪ್ಪೆ, ಕಿಟಕಿ ಪಕ್ಕ ಕಾಣುವುದು ಕಷ್ಟ. 300 ನಿಟ್ಸ್ ದಾಟಲಿ. ಬ್ಯಾಟರಿಯನ್ನು ಕಂಪನಿ ಹೇಳುವ ಗಂಟೆಯಲ್ಲಿ ಅಳೆಯಬೇಡಿ, ಅದು ಹಿಡಿಸುವ ವಿದ್ಯುತ್ತಿನ ಅಳತೆಯಾದ ವ್ಯಾಟ್-ಅವರ್‌ನಲ್ಲಿ ನೋಡಿ. 40ರ ಸುತ್ತಮುತ್ತ ಇದ್ದರೆ ಕಡಿಮೆ, 55 ದಾಟಿದರೆ ಚೆನ್ನ. ಚಾರ್ಜಿಂಗ್ ಯುಎಸ್‌ಬಿ-ಸಿ ಆಗಿದ್ದರೆ ದಾರಿಯಲ್ಲಿ ಯಾರ ಚಾರ್ಜರನ್ನಾದರೂ ಬೇಡಬಹುದು.

ಒಂದು ಎಚ್ಚರಿಕೆ. ಪ್ರೊಸೆಸರ್ ಹೆಸರಿನಲ್ಲಿರುವ ನಾಲ್ಕಂಕಿ ಸಂಖ್ಯೆಯ ಮೊದಲ ಅಂಕಿ ನಂಬಬೇಡಿ. ರೈಜನ್ 5 7520ಯು ಎಂಬುದು ಹೊಸ 7000 ಸಾಲಿನದು ಅನ್ನಿಸುತ್ತದೆ. ಒಳಗಿರುವುದು 2019ರಲ್ಲಿ ಬಂದ ಜೆನ್ 2 ವಿನ್ಯಾಸ. ಆ ಸಾಲಿನಲ್ಲಿ ಮೂರನೇ ಅಂಕಿಯೇ (ಇಲ್ಲಿ 2) ನಿಜ ಹೇಳುವುದು.

ಯಾರ ಅಂಗಡಿಯಲ್ಲಿ ಏನಿದೆ

ಲೆನೊವೊ. ಐಬಿಎಂನ ಪಿಸಿ ವ್ಯಾಪಾರವನ್ನು 2005ರಲ್ಲಿ ಕೊಂಡಾಗ ಥಿಂಕ್‌ಪ್ಯಾಡ್ ಇವರಿಗೆ ಬಂತು. ಇವತ್ತಿಗೂ ಕೀಬೋರ್ಡ್ ಮತ್ತು ಬಾಡಿ ವಿಷಯದಲ್ಲಿ ಥಿಂಕ್‌ಪ್ಯಾಡ್ ಟಿ ಸೀರೀಸ್ ಜೊತೆ ಹೋಲಿಸಿಯೇ ಉಳಿದದ್ದನ್ನು ಅಳೆಯುತ್ತಾರೆ. ಬಿಚ್ಚಿ ಜೋಡಿಸುವ ಕೈಪಿಡಿಯನ್ನು ಕಂಪನಿಯೇ ಎಲ್ಲರಿಗೂ ಸಿಗುವಂತೆ ಇಟ್ಟಿದೆ. ಹಾಗಾಗಿ ವಾರಂಟಿ ಮುಗಿದ ಮೇಲೂ ಲ್ಯಾಮಿಂಗ್ಟನ್ ರೋಡಿನ ರಿಪೇರಿಯವನಿಗೆ ದಾರಿ ಇರುತ್ತದೆ. ಥಿಂಕ್‌ಪ್ಯಾಡ್ ಇ ಸೀರೀಸ್ ಅದರ ಅಗ್ಗದ ತಮ್ಮ. ಟಿ ಅಲ್ಲ, ಆದರೂ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಥಿಂಕ್‌ಬುಕ್ ನಡುವಿನದು. ಐಡಿಯಾಪ್ಯಾಡ್ ಸ್ಲಿಮ್‌ನಲ್ಲಿ 3ಕ್ಕೂ 5ಕ್ಕೂ ಬಾಡಿಯಲ್ಲಿ ಗೊತ್ತಾಗುವಷ್ಟು ವ್ಯತ್ಯಾಸ ಇದೆ. ಆರೇಳು ಸಾವಿರ ಜಾಸ್ತಿ ಆದರೂ 5ಕ್ಕೆ ಹೋಗಿ.

ಡೆಲ್. ಹಿಂಜವಡಿ, ಐರೋಲಿಯ ಆಫೀಸುಗಳಲ್ಲಿ ಮೇಜಿನ ಮೇಲೆ ಕಾಣುವುದು ಬಹಳ ಸಲ ಇವರ ಲ್ಯಾಟಿಟ್ಯೂಡ್. 2025ರಲ್ಲಿ ಡೆಲ್ ಹೆಸರುಗಳನ್ನು ಬದಲಿಸಿತು, ಆಫೀಸು ಸಾಲು ಈಗ ಡೆಲ್ ಪ್ರೊ. ಹಳೆಯ ಸ್ಟಾಕಿನಲ್ಲಿ ಎರಡೂ ಹೆಸರು ಕಾಣಬಹುದು, ಗಾಬರಿ ಬೇಡ. ಲ್ಯಾಟಿಟ್ಯೂಡ್‌ನಲ್ಲಿ 3000, 5000, 7000 ಎಂದು ಮೆಟ್ಟಿಲು. 5000ದಿಂದ ಮೇಲೆ ನಿಜಕ್ಕೂ ಗಟ್ಟಿ. ಮನೆ ಬಳಕೆಯ ಇನ್‌ಸ್ಪಿರಾನ್ ಸಾಧಾರಣ. ಡೆಲ್‌ನ ನಿಜವಾದ ಬಲ ಏಳು ಅಕ್ಷರದ ಸರ್ವಿಸ್ ಟ್ಯಾಗ್. ಅದನ್ನು ಕಂಪನಿಯ ಸೈಟಿನಲ್ಲಿ ಹಾಕಿದರೆ ವಾರಂಟಿ ಎಲ್ಲಿವರೆಗೆ, ಕಾರ್ಖಾನೆಯಿಂದ ಹೊರಬಂದಾಗ ಒಳಗೆ ಏನಿತ್ತು, ಎಲ್ಲ ಕಾಣುತ್ತದೆ. ಹಳೆಯದು ಕೊಳ್ಳುವಾಗ ಇದು ವರ.

ಎಚ್‌ಪಿ. ಎಲೀಟ್‌ಬುಕ್ ಮೇಲ್ದರ್ಜೆ, ಪ್ರೊಬುಕ್ ಅದರ ಕೆಳಗೆ. ಎರಡೂ ಭರವಸೆಯವು. ಪೆವಿಲಿಯನ್ ಮಧ್ಯಮ. ಸೇಲ್‌ನಲ್ಲಿ ರಾಶಿ ಬೀಳುವ ಅಗ್ಗದ 15 ಇಂಚಿನ ಮಾಡೆಲ್‌ಗಳಲ್ಲಿ ಮೇಲೆ ಹೇಳಿದ ಹಿಂಜ್ ಪರೀಕ್ಷೆ ಮಾಡದೆ ಕೈ ಹಾಕಬೇಡಿ. ಈ ಮಾತು ಎಚ್‌ಪಿಗೆ ಮಾತ್ರ ಅಲ್ಲ, ಆ ಬೆಲೆಯ ಎಲ್ಲರಿಗೂ ಸೇರಿದ್ದು.

ಏಸಸ್, ಏಸರ್. ಕೊಟ್ಟ ದುಡ್ಡಿಗೆ ಒಳಗಿನ ಸಾಮಾನು ಜಾಸ್ತಿ ಕೊಡುವವರು ಇವರು. ಏಸಸ್ ವಿವೋಬುಕ್‌ನಲ್ಲಿ ಐವತ್ತು-ಅರವತ್ತು ಸಾವಿರಕ್ಕೆ ಒಎಲ್ಇಡಿ ಸ್ಕ್ರೀನ್ ಸಿಗುವುದುಂಟು. ಸಿನಿಮಾ, ಫೋಟೊಗೆ ಕಣ್ಣಿಗೆ ಹಬ್ಬ. ಆದರೆ ದಿನವಿಡೀ ಒಂದೇ ಎಕ್ಸೆಲ್ ಹಾಳೆ ತೆರೆದಿಡುವವರಿಗೆ ಸ್ಕ್ರೀನ್ ಮೇಲೆ ಅದರ ಕಲೆ ಉಳಿಯುವ ಭಯ ಇದೆ. ಜೆನ್‌ಬುಕ್ ತೆಳು, ಹಗುರ, ಬಾಡಿ ಚೆನ್ನಾಗಿದೆ. ಏಸಸ್‌ನ ಎಕ್ಸ್‌ಪರ್ಟ್‌ಬುಕ್, ಏಸರ್‌ನ ಟ್ರಾವೆಲ್‌ಮೇಟ್ ಎಂಬ ಆಫೀಸು ಸಾಲುಗಳನ್ನು ನಮ್ಮವರು ನೋಡುವುದೇ ಇಲ್ಲ. ಅಲ್ಲೇ ಒಳ್ಳೆಯ ವ್ಯಾಪಾರ ಇರುತ್ತದೆ. ಏಸರ್ ಸ್ವಿಫ್ಟ್ ಕೂಡ ತೂಕ ಕಡಿಮೆ ಬೇಕಾದವರಿಗೆ ನೋಡುವಂಥದ್ದು.

ಗೇಮಿಂಗ್ ಲ್ಯಾಪ್‌ಟಾಪ್‌ಗಳ ಬಗ್ಗೆ ಒಂದೇ ಮಾತು: ಎರಡೂವರೆ ಕಿಲೋ ತೂಕ, ಅದರ ಇಟ್ಟಿಗೆಯಂಥ ಚಾರ್ಜರ್ ಬೇರೆ. ಇದನ್ನು ಹೊತ್ತು ದಿನಾ ವಿರಾರ್ ಫಾಸ್ಟ್ ಹತ್ತುವ ಹುಡುಗನಿಗೆ ನನ್ನ ಸಹಾನುಭೂತಿ.

ಆಪಲ್. ಮ್ಯಾಕ್‌ಬುಕ್ ಏರ್‌ನ ಬಾಡಿ ಬಗ್ಗೆ ತಕರಾರು ಇಲ್ಲ. ಮೇಲೆ ಹೇಳಿದ ಎಲ್ಲ ಪರೀಕ್ಷೆ ಪಾಸು. ಆಪಲ್‌ನದೇ ಎಂ ಸೀರೀಸ್ ಪ್ರೊಸೆಸರ್ ಇರುವ ಏರ್‌ನಲ್ಲಿ ಫ್ಯಾನೇ ಇಲ್ಲ, ಹಾಗಾಗಿ ಗೋವಾದ ಅಂಟು ಧೂಳಿಗೆ ಒಳಗೆ ನುಗ್ಗುವ ದಾರಿ ಕಡಿಮೆ. ಬ್ಯಾಟರಿ 1000 ಚಾರ್ಜ್ ಸುತ್ತಿಗೆ ವಿನ್ಯಾಸ ಮಾಡಿದ್ದು. 2025ರ ಮಾರ್ಚ್‌ನಲ್ಲಿ ಎಂ4 ಏರ್ ನಮ್ಮಲ್ಲಿ 99,900 ರೂಪಾಯಿಗೆ ಶುರುವಾಯಿತು. ಸೇಲ್‌ನಲ್ಲಿ ಇನ್ನೂ ಕಡಿಮೆಗೆ ಸಿಕ್ಕಿದ್ದುಂಟು. ತೊಂದರೆ ಇರುವುದು ಕೆಟ್ಟಾಗ. ರ‍್ಯಾಮ್, ಸ್ಟೋರೇಜ್ ಆಮೇಲೆ ಹೆಚ್ಚಿಸಲು ಆಗದು. ಸ್ಕ್ರೀನ್ ಒಡೆದರೆ ಬಿಲ್ ನೋಡಿ ಕೂತುಬಿಡುತ್ತೀರಿ. ಲೋಕಲ್ ಪ್ರಯಾಣಿಕರು ಏರ್ ಕೊಂಡರೆ ಕಂಪನಿಯ ಹೆಚ್ಚುವರಿ ರಕ್ಷಣೆಯಾದ ಆಪಲ್‌ಕೇರ್ ಪ್ಲಸ್‌ಗೂ ದುಡ್ಡು ಎತ್ತಿಡಿ.

ನಮ್ಮ ಸಂಘಗಳಲ್ಲಿ ಸ್ಮರಣ ಸಂಚಿಕೆ ಮಾಡುವವರಿಗೆ ಒಂದು ಕಿವಿಮಾತು. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಪುಟ ಕಟ್ಟುವ ಕೆಲಸ ನಿಮ್ಮದಾದರೆ ವಿಂಡೋಸ್ ಬಿಡಬೇಡಿ. ಯುನಿಕೋಡ್ ಕನ್ನಡ ಮ್ಯಾಕ್‌ನಲ್ಲಿ ಚೆನ್ನಾಗಿಯೇ ಬರುತ್ತದೆ. ಆದರೆ ಪ್ರೆಸ್ಸಿನವರು ಹಳೆಯ ಫೈಲ್ ಕಳಿಸಿದಾಗ ತಲೆನೋವು ಶುರು.

ಸರ್ವಿಸ್: ಇಲ್ಲೇ ತೀರ್ಮಾನ

ಹೊಸ ಲ್ಯಾಪ್‌ಟಾಪಿಗೆ ಸಾಮಾನ್ಯವಾಗಿ ಒಂದು ವರ್ಷದ ವಾರಂಟಿ. ಅದು ಎರಡು ಥರ. ಆನ್‌ಸೈಟ್ ಎಂದರೆ ಮನೆಗೆ ಬಂದು ರಿಪೇರಿ. ಕ್ಯಾರಿ-ಇನ್ ಎಂದರೆ ನೀವೇ ಹೊತ್ತುಕೊಂಡು ಹೋಗಬೇಕು. ಒಂದೇ ಕಂಪನಿಯ ಎರಡು ಮಾಡೆಲ್‌ಗಳಲ್ಲಿ ಇದು ಬೇರೆ ಬೇರೆ ಇರಬಹುದು. ಪ್ರೊಸೆಸರ್ ಯಾವುದು ಅಂತ ಕೇಳುವ ಮೊದಲು ಇದನ್ನು ಕೇಳಿ.

ಮುಂಬೈಯಲ್ಲಿ, ಪುಣೆಯಲ್ಲಿ ಮೇಲೆ ಹೇಳಿದ ಎಲ್ಲರ ಸೆಂಟರ್‌ಗಳೂ ಇವೆ. ಆಪಲ್‌ನ ಸ್ವಂತ ಮಳಿಗೆ ಬಿಕೆಸಿಯಲ್ಲಿ 2023ರ ಏಪ್ರಿಲ್‌ನಲ್ಲಿ, ಪುಣೆಯ ಕೋರೆಗಾಂವ್ ಪಾರ್ಕಿನಲ್ಲಿ 2025ರ ಸೆಪ್ಟೆಂಬರ್‌ನಲ್ಲಿ ತೆರೆಯಿತು. ಗೋವಾದವರ ಲೆಕ್ಕ ಬೇರೆ. ಪಣಜಿ, ಮಡಗಾಂವ್, ಮಾಪುಸಾ, ವಾಸ್ಕೋ, ಇವುಗಳಲ್ಲಿ ನಿಮಗೆ ಹತ್ತಿರದ ಊರಿನಲ್ಲಿ ಯಾರ ಅಧಿಕೃತ ಸೆಂಟರ್ ಇದೆ ಎಂದು ಕಂಪನಿಯ ಸೈಟಿನಲ್ಲಿ ಪಿನ್‌ಕೋಡ್ ಹಾಕಿ ನೋಡಿ. ಆಮೇಲೆ ಆ ಸೆಂಟರಿಗೇ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ: ಈ ಮಾಡೆಲ್‌ಗೆ ಮನೆಗೆ ಬರುತ್ತೀರಾ? ಬೋರ್ಡ್ ಹೋದರೆ ಇಲ್ಲೇ ಬದಲಿಸುತ್ತೀರಾ, ಬೇರೆ ಊರಿಗೆ ಕಳಿಸುತ್ತೀರಾ? ಎರಡನೆಯದಕ್ಕೆ ಬರುವ ಉತ್ತರದ ಮೇಲೆ ನಿಮ್ಮ ಬ್ರ್ಯಾಂಡ್ ತೀರ್ಮಾನ ಆದರೂ ತಪ್ಪಿಲ್ಲ.

ವಾರಂಟಿ ಜಾಸ್ತಿ ಮಾಡಿಸಬೇಕೇ? ನನ್ನ ಲೆಕ್ಕ ಹೀಗೆ. ಕಂಪನಿಯದೇ ಆದರೆ, ಮೂರು ವರ್ಷಕ್ಕೆ ಆನ್‌ಸೈಟ್ ಸಿಗುವುದಾದರೆ, ಲ್ಯಾಪ್‌ಟಾಪ್ ಬೆಲೆಯ ಹತ್ತನೇ ಒಂದು ಭಾಗದೊಳಗಿದ್ದರೆ ಮಾಡಿಸಿ. ಬಿದ್ದದ್ದು, ನೀರು ಚೆಲ್ಲಿದ್ದು ಎರಡೂ ಸೇರುವ ಆಕ್ಸಿಡೆಂಟಲ್ ಡ್ಯಾಮೇಜ್ ರಕ್ಷಣೆ ಕಾಲೇಜು ಮಕ್ಕಳಿಗೆ ಇರಲೇಬೇಕು. ಅಂಗಡಿಯವರೇ ಮಾರುವ ಬೇರೆಯವರ ಪ್ಲಾನ್ ಆದರೆ ಷರತ್ತು ಪೂರ್ತಿ ಓದಿ ದುಡ್ಡು ಕೊಡಿ. ಹಿಂಜ್ ಅದರಲ್ಲಿ ಇದೆಯೇ ಎಂದು ಕೇಳಿ.

ಸೆಕೆಂಡ್‌ಹ್ಯಾಂಡ್ ಎಂಬ ಜಾಣ ದಾರಿ

ಬಜೆಟ್ ಮೂವತ್ತು ಸಾವಿರದ ಆಚೀಚೆ ಇದ್ದವರಿಗೆ ನಾನು ಹೊಸದು ಬೇಡ ಅನ್ನುತ್ತೇನೆ. ಆ ದುಡ್ಡಿಗೆ ಸಿಗುವ ಹೊಸ ಲ್ಯಾಪ್‌ಟಾಪ್‌ನ ಹಿಂಜ್ ಕಥೆ ಮೇಲೆ ಹೇಳಿದ್ದೇನೆ. ಐಟಿ ಕಂಪನಿಗಳು ಮೂರ್ನಾಲ್ಕು ವರ್ಷ ಬಳಸಿ ಬಿಡುವ ಲ್ಯಾಟಿಟ್ಯೂಡ್, ಥಿಂಕ್‌ಪ್ಯಾಡ್, ಎಲೀಟ್‌ಬುಕ್‌ಗಳು ರಿಫರ್ಬಿಶ್ಡ್ ಆಗಿ, ಅಂದರೆ ಸರಿಪಡಿಸಿ ಮತ್ತೆ ಮಾರಾಟಕ್ಕೆ, ಬರುತ್ತವೆ. ಬಾಡಿ ಇನ್ನೂ ಗಟ್ಟಿ ಇರುತ್ತದೆ. ಆದರೆ ನಾಲ್ಕು ವಿಷಯ ಬಿಡಬೇಡಿ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಅಧಿಕೃತವಾಗಿ ನಡೆಯಲು ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ಮೇಲೆ ಬೇಕು. ಅದಕ್ಕಿಂತ ಹಳೆಯದು ಎಷ್ಟು ಅಗ್ಗ ಆದರೂ ಬೇಡ. 2018ರ ಥಿಂಕ್‌ಪ್ಯಾಡ್ ಟಿ480 ಈ ಗೆರೆಯ ಮೇಲೆ ನಿಲ್ಲುತ್ತದೆ. ಈಗ ಕೊಳ್ಳುವುದಾದರೆ ಅದಕ್ಕಿಂತ ಎರಡು ಮೂರು ತಲೆಮಾರು ಹೊಸದು ಹುಡುಕಿ. ಎರಡನೆಯದು, ಆನ್ ಆಗುವಾಗಲೇ ಕೇಳುವ ಬಯಾಸ್ ಪಾಸ್‌ವರ್ಡ್ ಅಥವಾ ಹಳೆಯ ಕಂಪನಿಯ ಬೀಗ ಉಳಿದಿದೆಯೇ ನೋಡಿ. ಮ್ಯಾಕ್ ಆದರೆ ಆಕ್ಟಿವೇಶನ್ ಲಾಕ್, ಅಂದರೆ ಹಿಂದಿನ ಮಾಲೀಕನ ಖಾತೆಯ ಬೀಗ. ಅಂಗಡಿಯಲ್ಲೇ ಪೂರ್ತಿ ಅಳಿಸಿ ಮೊದಲಿಂದ ಶುರುಮಾಡಿ ತೋರಿಸಲು ಹೇಳಿ. ಮೂರನೆಯದು ಬ್ಯಾಟರಿ. ವಿಂಡೋಸ್‌ನ ಬ್ಯಾಟರಿ ರಿಪೋರ್ಟ್ ತೆಗೆಸಿ, ಮೂಲ ಸಾಮರ್ಥ್ಯ ಎಷ್ಟು, ಈಗ ಎಷ್ಟು ಎಂದು ನೋಡಿ. ಅರವತ್ತು ಪರ್ಸೆಂಟ್‌ಗಿಂತ ಕೆಳಗಿದ್ದರೆ ಹೊಸ ಬ್ಯಾಟರಿಗೆ ಆಗುವಷ್ಟು ದುಡ್ಡು ಬೆಲೆಯಲ್ಲಿ ಕಡಿಮೆ ಮಾಡಿಸಿ. ಟಚ್‌ಪ್ಯಾಡ್ ಉಬ್ಬಿಕೊಂಡಿದ್ದರೆ ಕೆಳಗೆ ಬ್ಯಾಟರಿ ಊದಿರಬಹುದು, ಮುಟ್ಟಬೇಡಿ. ಕೊನೆಯದು, ಜಿಎಸ್‌ಟಿ ಬಿಲ್ ಇಲ್ಲದ ಮಾಲು ಬೇಡ. ಅದು ಎಲ್ಲಿಂದ ಬಂತೋ ಯಾರಿಗೆ ಗೊತ್ತು.

ಹಾಗಾದರೆ ಯಾರಿಗೆ ಯಾವುದು?

ಡೊಂಬಿವಲಿಯ ಮಗಳಿಗೆ ಅರವತ್ತರಿಂದ ಎಪ್ಪತ್ತು ಸಾವಿರ ಇದ್ದರೆ ಥಿಂಕ್‌ಬುಕ್ ಅಥವಾ ಥಿಂಕ್‌ಪ್ಯಾಡ್ ಇ, 14 ಇಂಚು, ಒಂದೂವರೆ ಕಿಲೋ ಒಳಗೆ, ಜೊತೆಗೆ ಆಕ್ಸಿಡೆಂಟಲ್ ರಕ್ಷಣೆ. ಕ್ಯಾಡ್ ಕೆಲಸ ಬರುವ ಶಾಖೆ ಆದರೆ ಮ್ಯಾಕ್ ಬೇಡ, ಕಾಲೇಜಿನ ಎಷ್ಟೋ ತಂತ್ರಾಂಶಗಳು ವಿಂಡೋಸ್‌ನವು. ಬಜೆಟ್ ನಲವತ್ತೈದಕ್ಕೆ ಇಳಿದರೆ ಹೊಸ 15 ಇಂಚಿನ ಅಗ್ಗದ್ದಕ್ಕಿಂತ ರಿಫರ್ಬಿಶ್ಡ್ ಲ್ಯಾಟಿಟ್ಯೂಡ್ 5000 ಅಥವಾ 7000.

ಹಿಂಜವಡಿಯ ಹುಡುಗನಿಗೆ ಆಫೀಸು ಹೇಗೂ ಒಂದು ಕೊಡುತ್ತದೆ. ಸ್ವಂತದ್ದು ಮನೆಗೆ, ಕಲಿಕೆಗೆ. ಅವನಿಗೆ ಒಂದು ಲಕ್ಷದ ಒಳಗೆ ಸಿಕ್ಕರೆ ಮ್ಯಾಕ್‌ಬುಕ್ ಏರ್ ಒಳ್ಳೆಯ ಜೋಡಿ. ಲಿನಕ್ಸ್ ಹುಚ್ಚು ಇದ್ದರೆ ಥಿಂಕ್‌ಪ್ಯಾಡ್ ಟಿ.

ವಾಸ್ಕೋದ ಮೇಷ್ಟ್ರು ಮೊದಲು ಸರ್ವಿಸ್ ಸೆಂಟರಿಗೆ ಫೋನ್ ಮಾಡಲಿ. ಮನೆಗೆ ಬರುತ್ತೇವೆ ಅಂದವರ ಆಫೀಸು ಸಾಲಿನ ಮಾಡೆಲ್, ನೀರು ಚೆಲ್ಲಿದರೆ ಸ್ವಲ್ಪ ತಡೆಯುವ ಕೀಬೋರ್ಡ್, 50 ವ್ಯಾಟ್-ಅವರ್ ದಾಟಿದ ಬ್ಯಾಟರಿ. ಎಚ್‌ಪಿ ಪ್ರೊಬುಕ್ ಆದೀತು, ಡೆಲ್ ಪ್ರೊ ಆದೀತು, ಎಕ್ಸ್‌ಪರ್ಟ್‌ಬುಕ್ ಆದೀತು. ಅಲ್ಲಿ ಹೆಸರು ಮುಖ್ಯ ಅಲ್ಲ.

ಮಾಟುಂಗದ ಹೋಟೆಲಿನವರಿಗೆ ನಾನು ಲ್ಯಾಪ್‌ಟಾಪೇ ಬೇಡ ಅನ್ನುತ್ತೇನೆ. ಗಲ್ಲಾದ ಪಕ್ಕ ಎಣ್ಣೆ ಹೊಗೆ, ಕಾಫಿ ಲೋಟ, ಒದ್ದೆ ಕೈ. ಒಂದು ಸಣ್ಣ ಡೆಸ್ಕ್‌ಟಾಪ್, ಇನ್ನೂರೈವತ್ತು ರೂಪಾಯಿಗೆ ಬದಲಿಸಬಹುದಾದ ಕೀಬೋರ್ಡ್, ಒಂದು ಯುಪಿಎಸ್ ಸಾಕು. ಇನ್ನೊಂದು: 5% ಜಿಎಸ್‌ಟಿಯಲ್ಲಿರುವ ಹೋಟೆಲಿಗೆ ಇನ್‌ಪುಟ್ ಕ್ರೆಡಿಟ್ (ಕೊಂಡ ಸಾಮಾನಿಗೆ ಕಟ್ಟಿದ ತೆರಿಗೆ ವಾಪಸ್ ಪಡೆಯುವ ಸೌಲಭ್ಯ) ಇಲ್ಲ. ಕಂಪ್ಯೂಟರ್ ಮೇಲಿನ 18% ವಾಪಸ್ ಬರುತ್ತದೆ ಎಂದು ಯಾರಾದರೂ ಹೇಳಿದರೆ ನಿಮ್ಮ ಸಿಎ ಹತ್ತಿರ ಕೇಳಿ.

ಕೊಂಡ ದಿನವೇ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಇದೆಯೇ ನೋಡಿ, ಕಂಪನಿಯ ಸೈಟಿನಲ್ಲಿ ವಾರಂಟಿ ದಿನಾಂಕ ಪರೀಕ್ಷಿಸಿ. ಅಂಗಡಿಯಲ್ಲಿ ತಿಂಗಳುಗಟ್ಟಲೆ ಕೂತಿದ್ದ ಪೀಸ್ ಆದರೆ ವಾರಂಟಿ ಆಗಲೇ ಓಡುತ್ತಿರಬಹುದು. ಬಿಲ್ ಕಳಿಸಿದರೆ ದಿನಾಂಕ ಸರಿ ಮಾಡಿಕೊಡುತ್ತಾರೆ. ಮಾಡಿಕೊಡಲಿಲ್ಲ, ಅಂಗಡಿಯವರೂ ಕೈ ಎತ್ತಿದರು ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲಿ ದೂರು ಬರೆಸಿ, ದೂರಿನ ನಂಬರನ್ನು ಬಿಲ್ಲಿನ ಹಿಂದೆಯೇ ಬರೆದಿಡಿ.